ಗಾಡಿಯ ಗಾಲಿಗೆ ಪಟ್ಟಿ ಕಟ್ಟುವುದು

ಎತ್ತಿನ ಗಾಡಿ ಹಳತಾದಂತೆ ಮೊದಲು ಸಡಿಲವಾಗುವುದು ಗಾಲಿಯ ಕಬ್ಬಿಣದ ಪಟ್ಟಿ. ಬೇಸಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಪಟ್ಟಿ ಕುಗ್ಗುವುದಿಲ್ಲ. ಅರೆಕಾಲುಗಳು ಗುಂಬದಲ್ಲಿ ಅಲುಗಾಡಿ ಕಿರುಗುಟ್ಟತೊಡಗುತ್ತವೆ. ಗಾಲಿಯನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುವುದುಂಟು. ಅದು ನಾಲ್ಕು ದಿನದ ಮಾತು.

ನಿಜವಾದ ರಿಪೇರಿ ಕುಲುಮೆಯದು. ಪಟ್ಟಿ ಕಳಚಿ, ಸವೆದ ಅರೆಕಾಲುಗಳನ್ನು ಬದಲಿಸಿ, ಗಾಲಿಯ ಸುತ್ತಳತೆಯನ್ನು ದಾರ ಹಿಡಿದು ಅಳೆಯುತ್ತಾರೆ. ಪಟ್ಟಿಯನ್ನು ಕೊಂಚ ಕತ್ತರಿಸಿ, ಆ ಅಳತೆಗಿಂತ ತುಸು ಗಿಡ್ಡವಾಗುವಂತೆ ಮತ್ತೆ ಬೆಸೆಯುತ್ತಾರೆ. ಗಿಡ್ಡ ಪಟ್ಟಿ ದೊಡ್ಡ ಗಾಲಿಗೆ ಏರುವುದೆಂತು? ನಾನು ಕಲಾ ವಿಭಾಗದವನಾದರೂ ಲೆಕ್ಕ ಕಷ್ಟವಲ್ಲ. ಕಬ್ಬಿಣವು ಒಂದೊಂದು ಡಿಗ್ರಿ ಸೆಲ್ಸಿಯಸ್ ಕಾವಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 5 ಅಡಿ ಅಡ್ಡಳತೆಯ ಪಟ್ಟಿಯ ಕಾವು 500 ಡಿಗ್ರಿ ಏರಿದರೆ ಅದರ ಸುತ್ತಳತೆ ಒಂದು ಅಂಗುಲಕ್ಕೂ ಮೇಲೆ ಬೆಳೆಯುತ್ತದೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳಗಳಿಂದ ಎತ್ತಿ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯಬೇಕು. ಪಟ್ಟಿ ಕುಗ್ಗಿ ಕೀಲುಗಳನ್ನೆಲ್ಲ ಹಿಂಡಿ ಹಿಡಿಯುತ್ತದೆ. ಅತಿ ಗಿಡ್ಡವಾದರೆ ಅರೆಕಾಲೇ ಸೀಳೀತು!

ಈ ಹದ ಬಲ್ಲವರು ಈಗ ವಿರಳ. ನಮ್ಮ ತಂದೆಯವರ ಗಾಡಿಯನ್ನು ಸೌದೆಗೆ ಕೇಳಿದವರಿದ್ದಾರೆ. ನನ್ನ ಫೀಸು, ಪುಸ್ತಕಗಳೆಲ್ಲ ಅದರ ಬಾಡಿಗೆಯಿಂದಲೇ ಬಂದಿವೆ. ನನ್ನ ಪರೀಕ್ಷೆ ಮುಗಿದೊಡನೆ ಎರಡು ಗಾಲಿಗೂ ಪಟ್ಟಿ ಕಟ್ಟಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ.