‘ಪಪ್ಪಸ್’ ಮತ್ತು ಅಜ್ಜನ ಗಡ್ಡ

ಮಳೆಗಾಲ ಕಳೆದು ಬಿಸಿಲು ಬಲಿಯುವ ದಿನಗಳಲ್ಲಿ ನಮ್ಮ ಕಾಸರಗೋಡಿನ ಗುಡ್ಡಗಳ ಕಡೆಯಿಂದ ಬಿಳಿಯ ನವಿರಾದ ಎಳೆಗಳ ಗುಚ್ಛಗಳು ಗಾಳಿಯಲ್ಲಿ ತೇಲಿಬರುವುದನ್ನು ವಾಚಕರು ಕಂಡಿರಬಹುದು. ನಮ್ಮ ಮಕ್ಕಳು ‘ಅಜ್ಜನ ಗಡ್ಡ’ ಎಂದು ಕೂಗುತ್ತ ಅದರ ಬೆನ್ನು ಹಿಡಿದು ಓಡುತ್ತಾರೆ. ನೆರೆಮನೆಯ ಮಲಯಾಳದ ಮಕ್ಕಳು ‘ಅಪ್ಪೂಪ್ಪನ್ ತಾಡಿ’ ಎನ್ನುತ್ತಾರೆ. ಅದರ ಅರ್ಥವೂ ಅಜ್ಜನ ಗಡ್ಡವೇ. ಇದೇ ಮಕ್ಕಳು ಮೇಲಿನ ತರಗತಿಗಳಿಗೆ ಬಂದು ಸಸ್ಯಶಾಸ್ತ್ರದಲ್ಲಿ ‘ಪಪ್ಪಸ್’ ಎಂಬ ಶಬ್ದವನ್ನು ಕಂಡೊಡನೆ ಬೆಚ್ಚುತ್ತಾರೆ. ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಕನ್ನಡದಲ್ಲಿ ವಿಜ್ಞಾನವನ್ನು ಕಲಿಸುವುದು ಸಾಧ್ಯವಿಲ್ಲವೆಂದು ವಾದಿಸುವವರು ಇಂಥ ಶಬ್ದಗಳನ್ನೇ ಮುಂದೊಡ್ಡುವುದುಂಟು. ಆದುದರಿಂದ ಈ ಒಂದು ಶಬ್ದದ ಕುಲವನ್ನು ವಿಚಾರಿಸಲು ಹೊರಟಿದ್ದೇವೆ.

ಗ್ರೀಕ್ ಭಾಷೆಯಲ್ಲಿ ‘ಪಾಪ್ಪೋಸ್’ ಎಂದರೆ ಅಜ್ಜ. ಬೀಜದ ತಲೆಯ ಮೇಲಿನ ಬಿಳಿಯ ನವಿರನ್ನೂ ಗ್ರೀಕರು ಅದೇ ಮಾತಿನಿಂದ ಕರೆದರು. ರೋಮನರು ಅದನ್ನು ‘ಪಪ್ಪಸ್’ ಎಂದು ತಮ್ಮದಾಗಿಸಿಕೊಂಡರು. ಅವರ ಅಟೆಲ್ಲಾನ ಪ್ರಹಸನಗಳಲ್ಲಿ ಎಲ್ಲರಿಂದಲೂ ಮೋಸಹೋಗುವ ಮುದುಕನ ಪಾತ್ರಕ್ಕೆ ಪಪ್ಪಸ್ ಎಂದೇ ಹೆಸರು. ಕ್ರಿಸ್ತಪೂರ್ವ ಒಂದನೆಯ ಶತಮಾನದ ಕವಿ ಲುಕ್ರೀಷಿಯಸನಾದರೋ ಗಾಳಿಯಲ್ಲಿ ಹಾರುವ ನವಿರಿಗೆ ಈ ಶಬ್ದವನ್ನು ಬಳಸಿದ್ದಾನೆ. ಮುಪ್ಪಿನ ಈ ಕಲ್ಪನೆ ಇಷ್ಟಕ್ಕೇ ನಿಲ್ಲಲಿಲ್ಲ. ಇದೇ ಬಗೆಯ ನವಿರುಳ್ಳ ಒಂದು ಗಿಡವನ್ನು ಗ್ರೀಕರು ‘ಎರಿಗೆರಾನ್’ ಎಂದರು, ಎಂದರೆ ಬೇಗನೆ ಮುದುಕನಾದುದು. ಅದನ್ನೇ ರೋಮನರು ‘ಸೆನೆಸಿಯೊ’ ಎಂದರೆಂದು ಪ್ಲಿನಿ ಬರೆದಿದ್ದಾನೆ. ‘ಸೆನೆಕ್ಸ್’ ಎಂದರೆ ಲ್ಯಾಟಿನಿನಲ್ಲಿ ಮುದುಕ. ಇಂದು ಇವೆರಡೂ ಸೂರ್ಯಕಾಂತಿಯ ಕುಟುಂಬದ ಎರಡು ಬೇರೆಬೇರೆ ಜಾತಿಗಳ ಹೆಸರುಗಳಾಗಿ ಉಳಿದಿವೆ.

ಸೇವಂತಿಗೆ, ಚೆಂಡುಹೂ, ಗರುಗ, ಸಹದೇವಿಗಳೂ ಈ ಕುಟುಂಬದವೇ. ನಾವು ಒಂದು ಹೂವೆಂದು ತಿಳಿಯುವ ಸೂರ್ಯಕಾಂತಿಯು ನಿಜವಾಗಿ ನೂರಾರು ಕಿರುಹೂಗಳ ಸಂತೆ. ಇಷ್ಟು ಇಕ್ಕಟ್ಟಿನಲ್ಲಿ ಒಂದೊಂದು ಕಿರುಹೂವಿಗೂ ದಾಸವಾಳದಂತೆ ಹಸುರು ಪುಷ್ಪಪತ್ರಗಳಿರಲು ಎಡೆಯೆಲ್ಲಿ? ಆ ಪುಷ್ಪಪತ್ರಗಳೇ ರೂಪಾಂತರ ಹೊಂದಿ ಅಂಡಾಶಯದ ನೆತ್ತಿಯ ಮೇಲೆ ಎಳೆಗಳಾಗಿಯೋ ಹುರುಪೆಗಳಾಗಿಯೋ ಮುಳ್ಳುಗಳಾಗಿಯೋ ನಿಲ್ಲುತ್ತವೆ. ಅದೇ ಪಪ್ಪಸ್. ಸಹದೇವಿಯಲ್ಲಿ ಅದು ಬಿಳಿಯ ಎಳೆ; ಸೂರ್ಯಕಾಂತಿಯಲ್ಲಿ ಬೇಗನೆ ಉದುರಿಹೋಗುವ ಎರಡು ಹುರುಪೆ. ಗಡ್ಡವೇ ಇಲ್ಲದ ಅಜ್ಜ!

ಇಲ್ಲಿ ಒಂದು ಎಚ್ಚರಿಕೆ ಬೇಕು. ನಮ್ಮ ವಿದ್ಯಾರ್ಥಿಯೊಬ್ಬನು ಉತ್ತರಪತ್ರಿಕೆಯಲ್ಲಿ ‘ಎಕ್ಕದ ಬೀಜಕ್ಕೆ ಪಪ್ಪಸ್ ಉಂಟು’ ಎಂದು ಬರೆದು ಅಂಕ ಕಳೆದುಕೊಂಡನು. ಹುಡುಗನು ಹೇಳಿದ್ದು ತಪ್ಪೇ. ಆದರೆ ಅಜ್ಜನ ಗಡ್ಡವೆಂದು ಅವನು ಬಾಲ್ಯದಿಂದ ಬಲ್ಲುದು ಬಹುಮಟ್ಟಿಗೆ ಎಕ್ಕದ ನವಿರನ್ನೇ. ಎಕ್ಕದಲ್ಲಿ ಕಾಯಿ ಒಡೆದು ಬೀಜವು ಹೊರಗೆ ಹಾರುತ್ತದೆ. ಕೂದಲು ಬೀಜದ ಸಿಪ್ಪೆಯಿಂದಲೇ ಹುಟ್ಟಿದ್ದು. ಅದಕ್ಕೆ ಶಾಸ್ತ್ರದಲ್ಲಿ ‘ಕೋಮ’ ಎಂದು ಹೆಸರು. ಲ್ಯಾಟಿನಿನಲ್ಲಿ ತಲೆಗೂದಲೆಂದು ಅರ್ಥ. ಸಹದೇವಿಯಲ್ಲಾದರೋ ಹಾರುವುದು ಇಡಿಯ ಫಲ, ಕೂದಲು ಹೂವಿನ ಅಂಗ. ಜನರ ಮಾತಿಗೆ ಎರಡೂ ಗಡ್ಡವೇ. ಶಾಸ್ತ್ರವು ಹುಟ್ಟನ್ನು ಕೇಳುತ್ತದೆ. ಅಂಕವನ್ನು ಕಳೆಯುವ ಮುನ್ನ ಇಷ್ಟನ್ನು ಆ ಹುಡುಗನಿಗೆ ಹೇಳಿದ್ದರೆ ಚೆನ್ನಾಗಿತ್ತೆಂದು ನಮ್ಮ ಅಭಿಪ್ರಾಯ.

ಈ ಗಡ್ಡವು ಫಲವನ್ನು ಹೇಗೆ ಹೊರುತ್ತದೆಂಬುದು ಈಚೆಗೆ ಸ್ಪಷ್ಟವಾಯಿತು. ಯುರೋಪಿನ ಮಕ್ಕಳು ಊದಿ ಹಾರಿಸುವ ಡ್ಯಾಂಡೆಲಿಯನ್ ಗಿಡವನ್ನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಂತೆ, ಸುಮಾರು 100 ಎಳೆಗಳ ನಡುವಣ ಸಂದುಗಳಲ್ಲಿ ನುಸುಳಿದ ಗಾಳಿಯು ಪಪ್ಪಸಿನ ಮೇಲ್ಗಡೆ ಬಳೆಯಾಕಾರದ ಒಂದು ಸುಳಿಯಾಗಿ ನಿಲ್ಲುತ್ತದೆ. ಎಳೆಗಳಿಗೆ ಅಂಟಿಕೊಳ್ಳದೆ, ಅವುಗಳಿಂದ ಬೇರೆಯಾಗಿಯೇ ನಿಲ್ಲುವ ಆ ಸುಳಿಯಿಂದ ಫಲವು ನೆಲಕ್ಕಿಳಿಯುವುದು ತಡವಾಗುತ್ತದೆ. ಗಡ್ಡದಲ್ಲಿ ಬಹುಪಾಲು ಬರಿಯ ಸಂದೇ ಇರುವುದು ದೋಷವಲ್ಲ, ಅದೇ ಅದರ ಯುಕ್ತಿ.

ಸಹದೇವಿಯು ಶಾಲೆಯ ಅಂಗಳದ ಬದಿಯಲ್ಲಿಯೇ ಬೆಳೆಯುತ್ತದೆ. ಅದರ ಒಣಗಿದ ಹೂವಿನಿಂದ ಒಂದು ಫಲವನ್ನೂ, ಒಡೆದ ಎಕ್ಕದ ಕಾಯಿಯಿಂದ ಒಂದು ಬೀಜವನ್ನೂ ತೆಗೆದು, ಬಿಳಿಯ ಕಾಗದದ ಮೇಲಿಟ್ಟು ಭೂತಗನ್ನಡಿಯಿಂದ ನೋಡಿರಿ. ಉಸಿರನ್ನು ಮಾತ್ರ ಬಿಗಿಹಿಡಿಯತಕ್ಕದ್ದು.