ತುರ್ತು ಕಾಲುವೆಯ ದಂಡೆಗುಂಟ

ಹಂಪಿ-ಕಮಲಾಪುರ ರಸ್ತೆ ಬಿಟ್ಟು ಉಗ್ರನರಸಿಂಹನ ಕಡೆಗೆ ಹೊರಳಿದ ಕೂಡಲೇ ಬಿಸಿಲಿನ ಕಾವು ಒಂದಿಷ್ಟು ತಗ್ಗುತ್ತದೆ. ಮೊದಲು ಹಸಿ ಮಣ್ಣಿನ ವಾಸನೆ, ಹಿಂದೆಯೇ ಬಾಳೆಯ ಒಣಗಿದ ಗರಿಗಳ ಸರಸರ, ಆಮೇಲೆ ನೀರು. ಗೈಡ್ ಮುಂದೆ, ನಾವು ಹಿಂದೆ. ಅವರು ಕೈಯೆತ್ತಿ ತೋರಿಸಿದ್ದು ಗೋಪುರವನ್ನಲ್ಲ, ಕಾಲಬುಡದ ತುರ್ತು ಕಾಲುವೆಯನ್ನು. ಕೆಸರುಬಣ್ಣದ ನೀರು ಆತುರವಿಲ್ಲದೆ ಸಾಗುತ್ತಿತ್ತು. ಹುಲ್ಲುಹೊರೆ ಹೊತ್ತ ಹೆಂಗಸೊಬ್ಬಳು ನಮ್ಮ ಕ್ಯಾಮೆರಾಗಳತ್ತ ಕಣ್ಣೂ ಹಾಯಿಸದೆ ಬದುವಿನ ಮೇಲೆ ನಡೆದುಹೋದಳು.

ಬಡವಿಲಿಂಗದ ಗುಡಿಯಲ್ಲಿ ಇಣುಕಿದರೆ ಹತ್ತಡಿ ಎತ್ತರದ ಕರಿಯ ಲಿಂಗ ನೀರಿನಲ್ಲೇ ನಿಂತಿದೆ. ಬಡವಿಯೊಬ್ಬಳು ಮಾಡಿಸಿದ್ದೆಂಬುದು ಊರಿನ ಪ್ರತೀತಿ. ಕಾಲುವೆಯ ನೀರೇ ಗರ್ಭಗುಡಿಯೊಳಗೆ ಹಾದು ಪೀಠವನ್ನು ತೋಯಿಸುತ್ತದೆ. ಪಕ್ಕದ ನರಸಿಂಹ 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ ಮೂಡಿದವನು. ಅವನನ್ನು ನೋಡಲು ನೂಕುನುಗ್ಗಲು, ನೀರನ್ನು ನೋಡಲು ನಾವಷ್ಟೇ.

ಮುಂದೆ ದಾರಿ ಕಿರಿದಾಗುತ್ತದೆ. ಒಂದು ಮಗ್ಗುಲಿಗೆ ಬಾಳೆ, ಇನ್ನೊಂದು ಮಗ್ಗುಲಿಗೆ ಭತ್ತದ ಗದ್ದೆ, ಅದರಾಚೆ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗುಡ್ಡ. ಗದ್ದೆಯ ಮಡೆ ತೆಗೆದು ಗುದ್ದಲಿಯಿಂದ ಮಣ್ಣೆಳೆಯುತ್ತಿದ್ದ ರೈತನನ್ನು ಗೈಡ್ ಮಾತನಾಡಿಸಿದರು. "ಮ್ಯಾಲಿನವ್ರು ನೀರು ಕಟ್ಟಿದ್ರ ಕೆಳಗ ಜಗಳಾನ ರೀ," ಎಂದು ಆತ ನಕ್ಕ. ರಾಯರ ಕಾಲದಲ್ಲೂ ಈ ಜಗಳ ಇದ್ದೇ ಇತ್ತೆಂದು ನನ್ನ ಗುಮಾನಿ.

ಈ ನೀರು ಬರುವುದು ತುಂಗಭದ್ರೆಯಿಂದ. ಹೊಳೆಯೊಳಗಿನ ಬಂಡೆಗಳನ್ನು ಒಡೆಯುವ ಬದಲು ಅವುಗಳನ್ನೇ ಆಸರೆ ಮಾಡಿಕೊಂಡು, ನಡುವಿನ ಸಂದುಗಳಿಗೆ ಕಲ್ಲು ತುಂಬಿ ಗಿಡ್ಡ ಅಣೆಕಟ್ಟು ಕಟ್ಟಿದರು. ಮಟ್ಟ ಏರಿದ ನೀರನ್ನು ಪಕ್ಕಕ್ಕೆ ಹೊರಳಿಸಿ, ಇಳಿಜಾರು ಹಿಡಿದು ಕಣಿವೆಯುದ್ದಕ್ಕೂ ನಡೆಸಿದರು. ವಿರೂಪಾಕ್ಷನ ಕಡೆಯ ಗುಡಿಗಳಿಗೂ ಅರಮನೆಯ ನೆಲೆಗೂ ನಡುವೆ ಹರಿಯುವ ಈ ಕಾಲುವೆಯೇ ರಾಜಧಾನಿಯ ಒಳಗೊಂದು ಹೊಲಗದ್ದೆಯ ಪಟ್ಟಿಯನ್ನು ಬೆಳೆಸಿತು. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಬಾವಿ ನಿಜಕ್ಕೂ ಚೆಲುವು. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿಗಳು ಈಗ ಒಣಗಿ ನಿಂತಿವೆ. ಆದರೂ ನನ್ನ ಓಟು ಈ ಕೆಸರುಕಾಲುವೆಗೇ.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಈ ರಾಜಧಾನಿ ಹಾಳು ಸುರಿಯಿತು. ಆದರೆ ನೀರಿಗೆ ಒಕ್ಕಲುಗಳಿದ್ದರು. ಹೂಳು ತೆಗೆದರು, ದಂಡೆ ಕಟ್ಟಿದರು, ಬಿತ್ತಿದರು. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬಿದಾಗ ವಲ್ಲಭಾಪುರದ ಹಳೆಯ ಅಣೆಕಟ್ಟು ಮುಳುಗಿತು. ಈ ಸೀಮೆಯ ಇನ್ನೆರಡು ಹಳೆಯ ಕಾಲುವೆಗಳಾದ ರಾಯ, ಬಸವಣ್ಣ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿ ಸೇರಿತು. ಆ ಪಟ್ಟಿಯ ಹೆಮ್ಮೆಯ ನಡುವೆಯೇ ಇಲ್ಲಿ ನಾಟಿಯೂ ನಡೆಯುತ್ತದೆ, ಬಾಳೆಗೊನೆಯೂ ಲಾರಿ ಹತ್ತುತ್ತದೆ.

ಹಂಪಿಗೆ ಹೋದರೆ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಗೈಡ್‌ಗೆ ಹೇಳಿ, ಕಾಲುವೆಗುಂಟ ಒಂದು ಗಂಟೆ ನಡೆಸಲಿ. ಬದುವಿನ ಮೇಲೆ ಹೊರೆ ಹೊತ್ತವರು ಎದುರಾದರೆ ದಾರಿ ಬಿಡಿ. ಖಾಲಿ ಬಾಟಲಿಯನ್ನು ಚೀಲದಲ್ಲೇ ಇಟ್ಟುಕೊಳ್ಳಿ. ನೀರಿಗೆ ಎಸೆದರೆ ಅದು ಹೋಗಿ ಸಿಕ್ಕಿಕೊಳ್ಳುವುದು ಯಾರದೋ ಗದ್ದೆಯ ತೂಬಿನಲ್ಲಿ.