ಬ್ಯಾಟರಿ ಬದಲಿಸುವ ಮುನ್ನ ನಾಲ್ಕು ಅಳತೆ

ಕೀ ತಿರುಗಿಸಿದರೆ ಬರೀ ‘ಟಕ್ ಟಕ್’ ಸದ್ದು. ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗುತ್ತವೆ, ಸೆಲ್ಫ್ ಮಾತ್ರ ತಗೊಳ್ಳುವುದಿಲ್ಲ. ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿಬಿಡಿ’ ಎಂಬ ಸಲಹೆ ತಕ್ಷಣ ಬರುತ್ತದೆ. ಹಾಗೆ ಹಾಕಿಸಿದ ಹೊಸ ಬ್ಯಾಟರಿಯೂ ಕೆಲವೊಮ್ಮೆ ವಾರದೊಳಗೆ ಮಲಗಿಬಿಡುತ್ತದೆ. ಯಾಕೆಂದರೆ ಬ್ಯಾಟರಿ ಇಳಿಯುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ: ಅದಕ್ಕೇ ವಯಸ್ಸಾಗಿರಬಹುದು, ಚಾರ್ಜ್ ತಲುಪದಿರಬಹುದು, ಇಲ್ಲವೇ ಗಾಡಿ ನಿಂತಿದ್ದಾಗಲೂ ಏನೋ ಒಂದು ಕರೆಂಟ್ ಹೀರುತ್ತಿರಬಹುದು. ಇವುಗಳಲ್ಲಿ ಯಾವುದೆಂದು ಮನೆಯಲ್ಲೇ ಪತ್ತೆ ಮಾಡಬಹುದು. ಬೇಕಾದದ್ದು ಒಂದು ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಮೊದಲು ಕಣ್ಣು, ಆಮೇಲೆ ಮೀಟರ್

ಬಾನೆಟ್ ಎತ್ತಿ ಟರ್ಮಿನಲ್‌ಗಳನ್ನು ನೋಡಿ. ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ, ಕೈಯಲ್ಲಿ ಅಲುಗಿಸಿದಾಗ ಕ್ಲ್ಯಾಂಪ್ ಸಡಿಲವಿದ್ದರೆ, ತೊಂದರೆ ಅಲ್ಲೇ ಇರಬಹುದು. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ ಒರೆಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಉಂಗುರ, ಬಳೆ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕೈ ಹಚ್ಚಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೆಂಕಿ ಸುಳಿಯಬಾರದು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಲೇಬಾರದು.

ಗಾಡಿ ನಿಂತಾಗ, ಸೆಲ್ಫ್ ಹೊಡೆದಾಗ

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಅಳೆಯಿರಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. 12.6 ಬಂದರೆ ಪೂರ್ತಿ ಚಾರ್ಜ್ ಇದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಹೆಚ್ಚುಕಡಿಮೆ ಖಾಲಿ. ಬ್ಯಾಟರಿಯೊಳಗೆ ತಲಾ 2.1 ವೋಲ್ಟ್‌ನ ಆರು ಸೆಲ್‌ಗಳಿರುತ್ತವೆ. ಚಾರ್ಜ್ ಮಾಡಿದ ಮೇಲೂ 10.5ರ ಸುತ್ತ ನಿಂತರೆ ಒಂದು ಸೆಲ್ ಸತ್ತಿದೆ ಎಂದೇ ತಿಳಿಯಿರಿ. ಅಂಥ ಬ್ಯಾಟರಿಯನ್ನು ಬದಲಿಸಲೇಬೇಕು.

ಆದರೆ 12.6 ತೋರಿಸಿದ ಮಾತ್ರಕ್ಕೆ ಬ್ಯಾಟರಿಯಲ್ಲಿ ಕಸುವಿದೆ ಎನ್ನಲಾಗದು. ಮನೆಯವರೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ, ನೀವು ಮೀಟರ್ ನೋಡಿ. ರೀಡಿಂಗ್ 9.6ರಿಂದ 10 ವೋಲ್ಟ್‌ಗಿಂತ ಕೆಳಗಿಳಿಯಬಾರದು. ತುಂಬಿದ ಬ್ಯಾಟರಿಯೂ 8ಕ್ಕೆ ಕುಸಿದರೆ ಅದರ ಆಯುಸ್ಸು ಮುಗಿದಿದೆ. ಇದಕ್ಕೆ ತದ್ವಿರುದ್ಧವೂ ಉಂಟು: ಸೆಲ್ಫ್ ತಿರುಗುತ್ತಿಲ್ಲ, ಮೀಟರ್ ಮಾತ್ರ 12ರ ಮೇಲೇ ನಿಂತಿದೆ. ಆಗ ಅನುಮಾನ ಪಡಬೇಕಾದದ್ದು ಅರ್ಥ್ ಕೇಬಲ್, ರಿಲೇ ಅಥವಾ ಸ್ಟಾರ್ಟರ್ ಮೋಟಾರನ್ನು. ಇಲ್ಲಿ ಹೊಸ ಬ್ಯಾಟರಿ ಹಾಕಿಸಿದರೆ ದುಡ್ಡು ದಂಡ.

ಎಂಜಿನ್ ಓಡುವಾಗ

ಮೂರನೆಯ ಅಳತೆ ಆಲ್ಟರ್ನೇಟರಿನದು, ಮೆಕ್ಯಾನಿಕ್‌ಗಳು ಡೈನಮೋ ಎನ್ನುವ ಭಾಗದ್ದು. ಎಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ಬರಬೇಕು; ಹೆಡ್‌ಲೈಟ್, ಎ.ಸಿ. ಹಾಕಿದರೂ ತೀರಾ ಕುಸಿಯಬಾರದು. 12.4ರಲ್ಲೇ ನಿಂತು ಇಳಿಯುತ್ತಾ ಹೋದರೆ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಆಲ್ಟರ್ನೇಟರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಕಾರುಗಳಲ್ಲಿ ಮಾತ್ರ ಈ ಸಂಖ್ಯೆ ಬೇಕೆಂದೇ ಏರಿಳಿಯುತ್ತದೆ. ಹಾಗಾಗಿ ಲೈಟ್ ಹಾಕಿ ಸ್ವಲ್ಪ ಹೊತ್ತು ಗಮನಿಸಿದ ಮೇಲೆ ತೀರ್ಮಾನಿಸಿ. ಓಡುವ ಎಂಜಿನ್‌ನಲ್ಲಿ ಟರ್ಮಿನಲ್ ಬಿಚ್ಚಿ ಪರೀಕ್ಷಿಸುವ ಹಳೆಯ ಪದ್ಧತಿ ಬೇಡವೇ ಬೇಡ; ವೋಲ್ಟೇಜ್ ಏಕಾಏಕಿ ಏರಿ ಕಾರಿನ ಕಂಪ್ಯೂಟರೇ ಸುಟ್ಟುಹೋಗಬಹುದು.

ನಿಂತಲ್ಲೇ ಸೋರಿಕೆ

ಮೂರೂ ಸರಿಯಿದ್ದು ಬೆಳಿಗ್ಗೆ ಮತ್ತೆ ಬ್ಯಾಟರಿ ಇಳಿದಿದ್ದರೆ ಕರೆಂಟ್ ಎಲ್ಲೋ ಸೋರುತ್ತಿದೆ. ಗಾಡಿ ಆಫ್ ಮಾಡಿ, ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ. ಮೀಟರಿನ 10 ಆಂಪಿಯರ್ ರಂಧ್ರ ಬಳಸಿ, ಕೇಬಲ್ ಮತ್ತು ಮೈನಸ್ ಕಂಬದ ನಡುವೆ ಸೇರಿಸಿ. ಕಂಪ್ಯೂಟರ್‌ಗಳು ಮಲಗಲು ಅರ್ಧ ಗಂಟೆಯಾದರೂ ಕಾಯಿರಿ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ ದಿನಕ್ಕೆ 7 ಆಂಪಿಯರ್-ಅವರ್ ಖರ್ಚು; ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಮೂರೇ ದಿನಕ್ಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಸಂಖ್ಯೆ ಇಳಿಯಿತೋ ಸೋರಿಕೆ ಆ ದಾರಿಯಲ್ಲಿದೆ. ಆಮೇಲೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಮ್ಯೂಸಿಕ್ ಸಿಸ್ಟಂ, ಆರದ ಡಿಕ್ಕಿ ದೀಪ ಇವೇ ಸಾಮಾನ್ಯ ಕಾರಣ. ಮೀಟರ್ ಹೀಗೆ ಸೇರಿಸಿದ್ದಾಗ ಸೆಲ್ಫ್ ಹೊಡೆಯಬೇಡಿ. ಆಂಪಿಯರ್ ರಂಧ್ರದಲ್ಲಿರುವ ಕಡ್ಡಿಗಳನ್ನು ಪ್ಲಸ್-ಮೈನಸ್‌ಗೆ ನೇರ ಮುಟ್ಟಿಸಿದರೆ ಶಾರ್ಟ್ ಆಗುತ್ತದೆ.

ಯಾವ ದೋಷವೂ ಸಿಗದಿದ್ದರೆ ಬಳಕೆಯ ಕಡೆ ನೋಡಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಎರಡು ಕಿಲೋಮೀಟರ್ ಓಡಾಟದಲ್ಲಿ, ಸೆಲ್ಫ್ ಹೊಡೆಯಲು ಖರ್ಚಾದದ್ದೇ ಪೂರ್ತಿ ತುಂಬದೆ ಹೋಗಬಹುದು. ಅರ್ಧ ಖಾಲಿಯಾಗಿ ದಿನಗಟ್ಟಲೆ ಉಳಿದರೆ ಸೀಸದ ತಗಡುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ಬ್ಯಾಟರಿಯ ಆಯುಸ್ಸನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ವಾರಕ್ಕೊಮ್ಮೆ ಒಂದಷ್ಟು ದೂರ ಓಡಿಸಿ, ಇಲ್ಲವೇ ಚಾರ್ಜರ್ ಹಾಕಿ.

ನಾಲ್ಕೂ ಸಂಖ್ಯೆಗಳನ್ನು ಬರೆದುಕೊಂಡು ಗ್ಯಾರೇಜಿಗೆ ಹೋಗಿ. ಆಗ ಮಾತು ಊಹೆಯಿಂದಲ್ಲ, ಅಳತೆಯಿಂದ ಶುರುವಾಗುತ್ತದೆ. ಒಳ್ಳೆಯ ಮೆಕ್ಯಾನಿಕ್‌ಗೂ ಅದರಿಂದ ಕೆಲಸ ಹಗುರ. ಬ್ಯಾಟರಿ ನಿಜಕ್ಕೂ ಸತ್ತಿದ್ದರೆ ಹಳೆಯದನ್ನು ಗುಜರಿಗೆ ಹಾಕದೆ ಮಾರಾಟಗಾರರಿಗೇ ಮರಳಿಸಿ. ಬಳಸಿದ ಬ್ಯಾಟರಿಯನ್ನು ಸುರಕ್ಷಿತವಾಗಿ ಮರುಬಳಕೆಗೆ ಸೇರಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಸೀಸ ಮಕ್ಕಳ ಮಿದುಳಿಗೆ ವಿಷ. ಇನ್ನೂ ಜೀವವಿರುವ ಬ್ಯಾಟರಿಯನ್ನು ಸುಮ್ಮನೆ ಎಸೆಯಬಾರದು ಎನ್ನುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಇದೇ.